ಹಿತ್ತಲ ಮರಿಗಳ ರಕ್ತಭೇದಿ: ಮಲೆನಾಡಿನ ಅನುಭವದ ಪಾಠಗಳು

ಆರಿದ್ರೆಯಿಂದ ಪುಷ್ಯ ಮಳೆ ಮುಗಿಯುವವರೆಗೆ ನಮ್ಮ ಮಲೆನಾಡಿನಲ್ಲಿ ಬಿಸಿಲು ಅಪರೂಪ. ತೀರ್ಥಹಳ್ಳಿ, ಹೊಸನಗರದ ಕಡೆ ಮನೆಯ ಗೋಡೆಯೇ ಬೆವರುತ್ತಿರುತ್ತದೆ. ಬೇಸಿಗೆಯ ಕೊನೆಗೆ ಹೇಂಟೆ ಕಾವು ಕೂತು ಬಿಡಿಸಿದ ನಾಟಿ ಮರಿಗಳಿರಲಿ, ಫಾರಂನಿಂದ ತಂದ ಗಿರಿರಾಜ, ಸ್ವರ್ಣಧಾರಾ ಮರಿಗಳಿರಲಿ, ಮೂರು ವಾರ ತುಂಬಿ ರೆಕ್ಕೆ ಬಲಿಯುವುದಕ್ಕೂ ಜಡಿಮಳೆ ಹಿಡಿಯುವುದಕ್ಕೂ ಸರಿಹೋಗುತ್ತದೆ. ಒಂದು ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಹೊಟ್ಟಿನ ಮೇಲೆ ಕೆಂಪು. ಸಂಜೆಗೆ ಎರಡು ಮರಿ ಇಲ್ಲ. ಮೂರನೇ ದಿನಕ್ಕೆ ಅರ್ಧ ಗೂಡು ಖಾಲಿ.

ನಾನು ಪಶುವೈದ್ಯೆಯಲ್ಲ. ಹಿತ್ತಲಲ್ಲಿ ಕೋಳಿ ಸಾಕುತ್ತಾ, ಕರೆದ ಮನೆಗಳಿಗೆ ಹೋಗಿ ಮರಿಗಳನ್ನು ನೋಡುತ್ತಾ, ಪಶು ಆಸ್ಪತ್ರೆಯ ವೈದ್ಯರನ್ನು ಕೇಳಿ ಕೇಳಿ ಕಲಿತವಳು. ಹತ್ತಿಪ್ಪತ್ತು ಮರಿ ಸಾಕುವ ಮನೆಗಳಲ್ಲಿ ಹುಂಜ ಮಾರಿದ ದುಡ್ಡು ಹೆಚ್ಚಾಗಿ ಹೆಂಗಸರ ಕೈಗೇ ಬರುವಂಥದ್ದು. ಮಗಳ ಬಸ್ಸಿನ ಖರ್ಚು, ಅತ್ತೆಯ ಮಾತ್ರೆ ಎಲ್ಲ ಅದರಲ್ಲೇ ನಡೆಯುತ್ತದೆ. ಅಂಥ ಮನೆಯಲ್ಲಿ ಮರಿ ಸಾಯುವುದನ್ನು ನಾನು ಸಣ್ಣ ನಷ್ಟವೆಂದು ಎಣಿಸುವುದಿಲ್ಲ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

1. ಮರಿಗಳು ಆರೋಗ್ಯವಾಗಿರುವಾಗಲೇ ಹಿಕ್ಕೆ ನೋಡಿ ಕಲಿಯಬೇಕು

ಚೆನ್ನಾಗಿರುವ ಮರಿಯ ಹಿಕ್ಕೆ ಕಂದು ಅಥವಾ ಬೂದು ಬಣ್ಣದ್ದು, ಗಟ್ಟಿ, ಮೇಲೆ ಬಿಳಿಯ ಟೋಪಿ. ಆ ಬಿಳಿ ಮೂತ್ರದ ಭಾಗ, ಕೋಳಿಗೆ ಎರಡೂ ಒಂದೇ ದಾರಿಯಲ್ಲಿ ಬರುತ್ತವೆ. ಎಂಟು ಹತ್ತು ಸಲಕ್ಕೊಮ್ಮೆ ಬೇರೆ ತರಹದ್ದೊಂದು ಬೀಳುತ್ತದೆ: ಕಡು ಕಂದು, ಅಂಟಂಟು, ಮೂಗು ಮುಚ್ಚುವ ವಾಸನೆ. ಕರುಳಿನ ಕೊನೆಯ ಕಡೆ ಕವಲೊಡೆದಂತೆ ಎರಡು ಚೀಲಗಳಿವೆ, ವೈದ್ಯರು ಸೀಕಮ್ ಅನ್ನುತ್ತಾರೆ, ಇದು ಅಲ್ಲಿಂದ ಬರುವ ಹಿಕ್ಕೆ. ಕಾಯಿಲೆಯಲ್ಲ. ಇದನ್ನು ನೋಡಿ ಹೆದರಿ ಔಷಧಿ ಹಾಕುವವರು ಬಹಳ ಜನ. ಆಗೊಮ್ಮೆ ಈಗೊಮ್ಮೆ ಕಿತ್ತಳೆ ಬಣ್ಣದ ಲೋಳೆಯ ಎಳೆ ಕಂಡರೂ ಗಾಬರಿ ಬೇಡ, ಕರುಳಿನ ಒಳಪೊರೆ ಸ್ವಲ್ಪ ಸ್ವಲ್ಪ ಉದುರುತ್ತಲೇ ಇರುತ್ತದೆ.

ಹೆದರಬೇಕಾದದ್ದು ಹಸಿ ನೆತ್ತರು, ನೆತ್ತರು ಬೆರೆತ ನೀರು, ಅಥವಾ ಒಂದೇ ದಿನ ಹಲವು ಕಡೆ ಲೋಳೆ ಕಂಡರೆ. ರಾತ್ರಿ ಮರಿ ಮಲಗುವ ಜಾಗದಲ್ಲಿ ಹಳೆಯ ಕಾಗದವೋ ಬಿಳಿ ಗೋಣಿಯೋ ಹಾಸಿ ಬೆಳಿಗ್ಗೆ ನೋಡಿದರೆ ಸಾಕು. ಹೊಟ್ಟಿನ ಮೇಲೆ ಬಿದ್ದ ನೆತ್ತರು ಎಷ್ಟೋ ಸಲ ಕಣ್ಣಿಗೇ ಬೀಳುವುದಿಲ್ಲ.

2. ನೆತ್ತರು ಕಾಣುವ ಮೊದಲೇ ಮರಿ ಹೇಳಿರುತ್ತದೆ

"ಅಕ್ಕಾ, ನಿನ್ನೆ ಸಂಜೆವರೆಗೂ ಚೆನ್ನಾಗೇ ಇದ್ವು, ಬೆಳಿಗ್ಗೆ ನೋಡಿದ್ರೆ ನೆತ್ತರು ಹೇಲ್ತಿವೆ" ಅನ್ನುತ್ತಾ ಬರುತ್ತಾರೆ. ಸ್ವಲ್ಪ ಕೆದಕಿ ಕೇಳಿದರೆ, ಹಿಂದಿನ ದಿನವೇ ಒಂದೆರಡು ಮರಿ ಗರಿ ಉಬ್ಬಿಸಿ, ಕಣ್ಣು ಮುಚ್ಚಿ, ಮೂಲೆಯಲ್ಲಿ ನಿಂತದ್ದು ನೆನಪಾಗುತ್ತದೆ. ಕಾಳು ಹಾಕಿದಾಗ ಎಲ್ಲವೂ ಓಡಿ ಬಂದವು, ಅವು ಬರಲಿಲ್ಲ.

ಈ ರಕ್ತಭೇದಿ ತರುವುದು ಐಮೀರಿಯಾ ಎಂಬ ಕಣ್ಣಿಗೆ ಕಾಣದ ಪರಾವಲಂಬಿ. ಕೋಳಿಯಲ್ಲಿ ಇದರ ಏಳು ಜಾತಿಗಳಿವೆ. ಮರಿಗಳಲ್ಲಿ ನೆತ್ತರು ಹರಿಸುವುದು ಹೆಚ್ಚಾಗಿ ಟೆನೆಲ್ಲಾ, ಅದು ಹಿಡಿಯುವುದು ಆಗ ಹೇಳಿದ ಸೀಕಮ್ ಚೀಲಗಳನ್ನು. ಇದರ ಮೊಟ್ಟೆಯಂಥ ಕೋಶ ಮರಿಯ ಬಾಯಿಗೆ ಹೋದ ದಿನ ಏನೂ ಕಾಣುವುದಿಲ್ಲ. ಒಳಗೆ ಕರುಳಿನ ಗೋಡೆ ಹೊಕ್ಕು, ಒಂದು ಹತ್ತಾಗಿ ನೂರಾಗಿ, ನಾಲ್ಕೈದನೇ ದಿನ ಗೋಡೆ ಒಡೆದು ಹೊರಬರುವಾಗ ನೆತ್ತರು ಹರಿಯುತ್ತದೆ. ಐದಾರನೇ ದಿನ ಸಾವು ಹೆಚ್ಚು. ಎಂಟನೇ ದಿನ ದಾಟಿದ ಮರಿ ಸಾಮಾನ್ಯವಾಗಿ ಉಳಿಯುತ್ತದೆ.

ಹಾಗಾಗಿ ಇವತ್ತು ನೆತ್ತರು ಕಂಡಿತೆಂದರೆ ರೋಗ ಗೂಡಿಗೆ ಬಂದು ಆಗಲೇ ನಾಲ್ಕೈದು ದಿನವಾಗಿದೆ. ಉಳಿದ ಮರಿಗಳ ಹೊಟ್ಟೆಯಲ್ಲೂ ಅದು ಎರಡನೇ ದಿನದಲ್ಲೋ ಮೂರನೇ ದಿನದಲ್ಲೋ ಇರುತ್ತದೆ. ಚಿಕಿತ್ಸೆಯ ಲೆಕ್ಕವೆಲ್ಲ ಇದರ ಮೇಲೇ ನಿಂತಿದೆ.

3. ಮರಿಯ ವಯಸ್ಸು ಕೇಳದೆ ಔಷಧಿ ಹೇಳಬಾರದು

ನನ್ನನ್ನು ಯಾರು ಕರೆದರೂ ಮೊದಲು ಕೇಳುವುದು, ಮರಿಗೆ ಎಷ್ಟು ದಿನ? ರಕ್ತಭೇದಿ ಹೆಚ್ಚಾಗಿ ಮೂರರಿಂದ ಆರು ವಾರದ ಕಾಯಿಲೆ. ಹುಟ್ಟಿ ನಾಲ್ಕೇ ದಿನದ ಮರಿ ಭೇದಿ ಮಾಡುತ್ತಿದ್ದರೆ ಅದು ಬೇರೆ. ಮೊದಲ ಎರಡು ಮೂರು ವಾರದಲ್ಲಿ ಸುಣ್ಣದಂಥ ಬಿಳಿ ಭೇದಿ ಹಿಂಬದಿಗೆ ಮೆತ್ತಿಕೊಂಡು, ಮರಿಗಳು ಕಿರುಗುಟ್ಟುತ್ತಾ ಸಾಯುತ್ತಿದ್ದರೆ ಪುಲ್ಲೋರಂ ಇರಬಹುದು. ಅದು ಸಾಲ್ಮೊನೆಲ್ಲಾ ಜಾತಿಯ ಬ್ಯಾಕ್ಟೀರಿಯಾ, ತಾಯಿಯಿಂದ ಮೊಟ್ಟೆಯ ಮೂಲಕವೇ ಮರಿಗೆ ಬರುತ್ತದೆ. ಬದುಕಿ ಉಳಿದ ಹೇಂಟೆ ಮುಂದೆ ಅದನ್ನೇ ತನ್ನ ಮೊಟ್ಟೆಗೂ ದಾಟಿಸಬಲ್ಲದು. ಅಂಥ ಹೇಂಟೆಯನ್ನು ಕಾವಿಗೆ ಕೂರಿಸಬಾರದು, ಅದರ ಮೊಟ್ಟೆಯನ್ನು ಬೇರೆ ಹೇಂಟೆಯ ಕೆಳಗೂ ಇಡಬಾರದು.

ಹಸಿರು ಮಿಶ್ರಿತ ಭೇದಿ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚುವುದು ಕಂಡರೆ ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಅದಕ್ಕೆ ಚಿಕಿತ್ಸೆಯಿಲ್ಲ. ಐದರಿಂದ ಏಳನೇ ದಿನಕ್ಕೆ ಕಣ್ಣಿಗೋ ಮೂಗಿಗೋ ಹಾಕುವ ಲಸಿಕೆಯೇ ದಾರಿ. ಮೂರರಿಂದ ಆರು ವಾರದಲ್ಲೇ ಬರುವ ಇನ್ನೊಂದು ಗುಂಬೊರೊ. ಬಿಳಿ ನೀರಿನಂಥ ಭೇದಿ, ಒಮ್ಮೆಲೇ ಇಡೀ ಗುಂಪು ಮಂಕಾಗುತ್ತದೆ. ಇವೆರಡೂ ವೈರಸ್ ಕಾಯಿಲೆಗಳು, ರಕ್ತಭೇದಿಯ ಪುಡಿಗೆ ಜಗ್ಗುವುದಿಲ್ಲ. ಎರಡು ತಿಂಗಳು ದಾಟಿದ ಮರಿ ತಿಂದರೂ ಸೊರಗುತ್ತಿದ್ದರೆ ಹೊಟ್ಟೆಹುಳದ ಕಡೆ ಯೋಚಿಸಿ.

ಸ್ವಲ್ಪವಾದರೂ ಅನುಮಾನವಿದ್ದರೆ ಹೊಸ ಹಿಕ್ಕೆಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಪಶು ಆಸ್ಪತ್ರೆಗೆ ಒಯ್ಯಿರಿ. ಸೂಕ್ಷ್ಮದರ್ಶಕವಿರುವಲ್ಲಿ ಅದರಡಿ ಐಮೀರಿಯಾದ ಕೋಶಗಳು ಕಾಣುತ್ತವೆ. ಆಸ್ಪತ್ರೆ ದೂರವಿದ್ದರೆ ಸಂಚಾರಿ ಪಶು ಚಿಕಿತ್ಸಾ ವಾಹನದ 1962ಕ್ಕೆ ಫೋನ್ ಮಾಡಬಹುದು. ಕೋಳಿಮರಿಗೆ ಯಾರು ಫೋನ್ ಮಾಡುತ್ತಾರೆ ಎಂದು ನಾಚಿಕೊಳ್ಳುವವರಿಗೆ ನಾನು ಹೇಳುವುದು: ಕರುವಿಗೆ ಮಾಡುತ್ತೀರಲ್ಲ, ಇದಕ್ಕೂ ಮಾಡಿ.

4. ನೆತ್ತರು ಕಂಡ ಬೆಳಿಗ್ಗೆ ಮಾಡಬೇಕಾದದ್ದು

ಔಷಧಿ ಅಂಗಡಿಗೆ ಓಡುವ ಮುಂಚೆ ಮೂರು ಕೆಲಸ. ಮಂಕಾದ ಮರಿಗಳನ್ನು ಬೇರೆ ಪೆಟ್ಟಿಗೆಗೆ ಹಾಕಿ ಬಲ್ಬ್ ಹಚ್ಚಿ ಬೆಚ್ಚಗಿಡಿ. ನೆತ್ತರು ಕಳೆದುಕೊಂಡ ಮರಿಯ ಮೈ ಬೇಗ ತಣ್ಣಗಾಗುತ್ತದೆ, ಚಳಿಯೇ ಅದನ್ನು ಮೊದಲು ಕೊಲ್ಲುತ್ತದೆ. ಎರಡು, ನೆತ್ತರು ಬಿದ್ದ ಹೊಟ್ಟನ್ನೆಲ್ಲ ಬಾಚಿ ಗೋಣಿಗೆ ತುಂಬಿ ಸುಟ್ಟುಬಿಡಿ, ಇಲ್ಲವೇ ಆಳಕ್ಕೆ ಹೂಳಿ. ತಿಪ್ಪೆಗೆ ಎಸೆದರೆ ನಾಳೆ ದೊಡ್ಡ ಕೋಳಿಗಳು ಅದನ್ನೇ ಕೆದಕುತ್ತವೆ. ಮೂರು, ನೀರಿನ ಡಬ್ಬ ತೊಳೆದು ಹೊಸ ನೀರಿಡಿ. ಆಮೇಲೆ ಅಂಗಡಿ.

ಬಹಳ ಸೋತ ಮರಿಯ ಬಾಯಿಗೆ ನೀರು ಸುರಿಯಬೇಡಿ, ಉಸಿರ ಕೊಳವೆಗೆ ಹೋದರೆ ಅಲ್ಲೇ ಮುಗಿಯಿತು. ಕೊಕ್ಕಿನ ತುದಿಯನ್ನಷ್ಟೇ ನೀರಿಗೆ ಮುಟ್ಟಿಸಿ ಬಿಡಿ. ಕತ್ತೆತ್ತಿ ಅದೇ ನುಂಗುತ್ತದೆ. ಅರ್ಧ ಗಂಟೆಗೊಮ್ಮೆ ಹೀಗೆ ಮಾಡಲು ಮನೆಯಲ್ಲಿ ಅಜ್ಜಿಯಿದ್ದರೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ.

5. ಔಷಧಿ ನೀರಿನಲ್ಲಿ, ಅಳತೆ ಗ್ರಾಂನಲ್ಲಿ, ಇಡೀ ಗೂಡಿಗೆ

ಕಾಯಿಲೆ ಬಿದ್ದ ಮರಿ ತಿನ್ನುವುದು ಬಿಡುತ್ತದೆ, ಕುಡಿಯುವುದನ್ನು ಅಷ್ಟು ಬೇಗ ಬಿಡುವುದಿಲ್ಲ. ಅದಕ್ಕೇ ಔಷಧಿ ನೀರಿಗೆ. ಹಿತ್ತಲ ಮರಿಗಳಿಗೆ ನಾನು ಮೊದಲು ಹೇಳುವುದು ಆಂಪ್ರೋಲಿಯಂ. ಇದು ನೋಡಲು ಬಿ1 ಜೀವಸತ್ವದ ತದ್ರೂಪಿನಂತಿರುವ ರಾಸಾಯನಿಕ. ಪರಾವಲಂಬಿ ಇದನ್ನು ಬಿ1 ಎಂದೇ ಒಳಗೆ ಬಿಟ್ಟುಕೊಂಡು ನಿಜವಾದ ಬಿ1 ಸಿಗದೆ ಸಾಯುತ್ತದೆ.

20 ಶೇಕಡಾ ಪುಡಿಯಾದರೆ ನೆತ್ತರು ಕಂಡಾಗ ಲೀಟರಿಗೆ 1.2 ಗ್ರಾಂ, ಅಂದರೆ ಹತ್ತು ಲೀಟರಿಗೆ 12 ಗ್ರಾಂ, ಐದು ದಿನ. ಆಮೇಲೆ ಲೀಟರಿಗೆ 0.3 ಗ್ರಾಂಗೆ ಇಳಿಸಿ ಇನ್ನೊಂದೆರಡು ವಾರ. ಪೊಟ್ಟಣದ ಮೇಲೆ ಶೇಕಡಾ ಬೇರೆ ಇದ್ದರೆ ಲೆಕ್ಕವೂ ಬೇರೆ, ಅದನ್ನು ವೈದ್ಯರಲ್ಲಿ ಕೇಳಿಯೇ ಹಾಕಿ. ಚಮಚದ ಲೆಕ್ಕ ಮಾತ್ರ ಬೇಡವೇ ಬೇಡ. ಒಬ್ಬರ ಮನೆಯ ಚಮಚ ಇನ್ನೊಬ್ಬರ ಮನೆಯಲ್ಲಿ ಸೌಟು. ಗ್ರಾಂ ತೂಗುವ ಸಣ್ಣ ಡಿಜಿಟಲ್ ತಕ್ಕಡಿ ಈಗ ಸುಲಭವಾಗಿ ಸಿಗುತ್ತದೆ, ನಾಲ್ಕು ಮನೆ ಸೇರಿ ಒಂದು ತಂದಿಟ್ಟುಕೊಂಡರೆ ಸಾಕು.

ಔಷಧಿ ನೀರು ದಿನವೂ ಹೊಸದಾಗಿ ಕಲಸಬೇಕು. ಮರಿಗೆ ಬೇರೆ ನೀರು ಸಿಗಬಾರದು. ಮಲೆನಾಡಿನಲ್ಲಿ ಇದೇ ಕಷ್ಟ. ಸೋಗೆಯಿಂದ ತೊಟ್ಟಿಕ್ಕುವ ನೀರು, ಅಂಗಳದ ಹೊಂಡ, ಬಚ್ಚಲ ಮೋರಿ, ಎಲ್ಲ ಕಡೆ ನೀರೇ. ಐದು ದಿನ ಮರಿಗಳನ್ನು ಒಳಗೇ ಕೂಡಿಹಾಕದೆ ಔಷಧಿ ಕೆಲಸ ಮಾಡುವುದಿಲ್ಲ.

ಇನ್ನೊಂದು ಮಾತು, ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ಆಂಪ್ರೋಲಿಯಂ ಕೊಡುವಾಗ ಬಿ-ಕಾಂಪ್ಲೆಕ್ಸ್ ಟಾನಿಕ್ ಕೊಡಬೇಡಿ. ಮರಿ ಸೋತಿದೆ ಎಂದು ಕರುಣೆಯಿಂದ ಎರಡನ್ನೂ ಒಂದೇ ಡಬ್ಬಕ್ಕೆ ಹಾಕುತ್ತಾರೆ. ಟಾನಿಕ್‌ನ ಬಿ1 ಪರಾವಲಂಬಿಗೂ ಊಟವಾಗಿ ಔಷಧಿ ವ್ಯರ್ಥವಾಗುತ್ತದೆ. ಟಾನಿಕ್ ಏನಿದ್ದರೂ ಕೋರ್ಸ್ ಮುಗಿದ ಮೇಲೆ. ಆಗ ಎ ಮತ್ತು ಕೆ ಜೀವಸತ್ವಗಳೂ ಇದ್ದರೆ ಚೇತರಿಕೆಗೆ ಒಳ್ಳೆಯದು.

ಆಂಪ್ರೋಲಿಯಂ ಪರಾವಲಂಬಿಯ ಮೊದಲ ಹಂತಗಳನ್ನು ಚೆನ್ನಾಗಿ ತಡೆಯುತ್ತದೆ. ಆಗಲೇ ನೆತ್ತರು ಹಾಕುತ್ತಿರುವ ಮರಿಗಿಂತ ಇನ್ನೂ ಹಾಕದ ಮರಿಗೇ ಅದರ ಲಾಭ ಹೆಚ್ಚು. ಆದ್ದರಿಂದ ಕಾಯಿಲೆ ಮರಿಗೆ ಮಾತ್ರ ಕೊಟ್ಟು ಉಳಿದವು ಚೆನ್ನಾಗಿವೆ ಎಂದು ಬಿಟ್ಟರೆ, ಎರಡು ದಿನದಲ್ಲಿ ಅವೂ ನೆತ್ತರು ಹಾಕುತ್ತವೆ. ಔಷಧಿ ಕೊಟ್ಟ ಮೇಲೂ ಮೊದಲ ದಿನ ಒಂದೆರಡು ಸಾಯಬಹುದು. ಪುಡಿ ಕೆಲಸಕ್ಕೆ ಬಾರದು ಎಂದು ನಿಲ್ಲಿಸಬೇಡಿ. ಮೂರನೇ ದಿನಕ್ಕೂ ಹೊಸ ಮರಿಗಳು ನೆತ್ತರು ಹಾಕುತ್ತಿದ್ದರೆ ಮಾತ್ರ ಔಷಧಿ ಬದಲಿಸುವ ಬಗ್ಗೆ ವೈದ್ಯರನ್ನು ಕೇಳಿ. ಟೋಲ್‌ಟ್ರಾಝುರಿಲ್ 2.5 ಶೇಕಡಾ ದ್ರಾವಣ ಲೀಟರಿಗೆ ಒಂದು ಮಿಲಿ ಲೀಟರ್‌ನಂತೆ ಎರಡು ದಿನ ಕೊಡುವ ಪದ್ಧತಿಯಿದೆ. ಅದು ಮುಂದಿನ ಹಂತಗಳನ್ನೂ ಕೊಲ್ಲುತ್ತದೆ, ಬೆಲೆ ಹೆಚ್ಚು. ತಿನ್ನುವ ಮೊಟ್ಟೆ ಇಡುತ್ತಿರುವ ಹೇಂಟೆಗೆ ಅದು ಸಲ್ಲದು. ಸಲ್ಫಾ ಔಷಧಿಗಳೂ ಇವೆ. ಅಳತೆ ಸ್ವಲ್ಪ ಮೀರಿದರೂ ಮರಿಯ ಮೂತ್ರಪಿಂಡಕ್ಕೆ ಪೆಟ್ಟು ಬೀಳುವುದರಿಂದ ವೈದ್ಯರು ಬರೆದುಕೊಡದೆ ನಾನು ಯಾರಿಗೂ ಹೇಳುವುದಿಲ್ಲ.

6. ಆಂಟಿಬಯೋಟಿಕ್ ಪೊಟ್ಟಣವನ್ನು ಅಂಗಡಿಯಲ್ಲೇ ಬಿಡಿ

ಭೇದಿ ಅಂದ ಕೂಡಲೇ ಕೈಗೆ ಸಿಕ್ಕ ಆಂಟಿಬಯೋಟಿಕ್ ಕೊಟ್ಟು ಕಳಿಸುವ ಅಂಗಡಿಗಳಿವೆ. ಅದು ಐಮೀರಿಯಾವನ್ನು ಮುಟ್ಟುವುದೂ ಇಲ್ಲ. ಗಾಯವಾದ ಕರುಳಿಗೆ ಬ್ಯಾಕ್ಟೀರಿಯಾ ಸೇರಿಕೊಂಡಾಗ ಬೇಕಾಗಬಹುದು ನಿಜ, ಅದನ್ನು ತೀರ್ಮಾನಿಸಬೇಕಾದವರು ವೈದ್ಯರು. ಮನುಷ್ಯರ ಕೊನೆಯ ಆಸರೆಯ ಔಷಧಿಗಳಲ್ಲೊಂದಾದ ಕೊಲಿಸ್ಟಿನ್ ಅನ್ನು ಕೋಳಿ, ಮೀನು, ದನಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದೆ. ನಮ್ಮ ಹಿತ್ತಲ ಮರಿಯನ್ನು ನಾಳೆ ತಿನ್ನುವವರು ನಮ್ಮ ಮಕ್ಕಳೇ ಎಂಬುದು ನೆನಪಿರಲಿ.

7. ಮನೆಮದ್ದಿಗೆ ಒಂದು ಮಿತಿಯಿದೆ

ಅರಿಶಿನ, ಬೆಳ್ಳುಳ್ಳಿ, ದಾಳಿಂಬೆ ಸಿಪ್ಪೆ, ಮಜ್ಜಿಗೆ, ಎಲ್ಲ ಹಾಕಿದವರನ್ನು ನೋಡಿದ್ದೇನೆ. ಆರೋಗ್ಯವಾಗಿರುವಾಗ ನುಚ್ಚಿಗೆ ಚಿಟಿಕೆ ಅರಿಶಿನ ಬೆರೆಸಿದರೆ ನನ್ನದೇನೂ ತಕರಾರಿಲ್ಲ. ನೆತ್ತರು ಕಂಡ ದಿನ ಮಾತ್ರ ಇವುಗಳನ್ನು ನಂಬಿ ಕೂರಬಾರದು. ಮದ್ದು ಅರೆದು, ಕುದಿಸಿ, ಸೋಸಿ, ಗುಣ ಕಾಯುವಷ್ಟರಲ್ಲಿ ಬದುಕಿಸಬಹುದಾಗಿದ್ದ ಮರಿಗಳ ಎರಡು ದಿನ ಕಳೆದುಹೋಗಿರುತ್ತದೆ. ಹಾಲು ಬೇಡ, ಭೇದಿ ಹೆಚ್ಚುತ್ತದೆ.

8. ರೋಗ ಇರುವುದು ನೆಲದಲ್ಲಿ

ಇಷ್ಟು ವರ್ಷಗಳಲ್ಲಿ ನನಗೆ ಗಟ್ಟಿಯಾದ ಮಾತು ಇದು. ಹಿಕ್ಕೆಯ ಜೊತೆ ಹೊರಬಿದ್ದ ಐಮೀರಿಯಾ ಕೋಶಕ್ಕೆ ಆ ಕ್ಷಣ ರೋಗ ಹರಡುವ ಶಕ್ತಿ ಇರುವುದಿಲ್ಲ. ತೇವ, ಗಾಳಿ, 25ರಿಂದ 30 ಡಿಗ್ರಿಯ ಬೆಚ್ಚನೆ ಸಿಕ್ಕಿದರೆ ಒಂದೆರಡು ದಿನದಲ್ಲಿ ಅದು ಬಲಿತು ಅಪಾಯಕಾರಿಯಾಗುತ್ತದೆ. ಬಲ್ಬ್ ಹಚ್ಚಿದ, ನೀರು ಚೆಲ್ಲಿದ ಗೂಡಿನಲ್ಲಿ ಇವು ಮೂರನ್ನೂ ನಾವೇ ಒದಗಿಸುತ್ತೇವೆ. ಹೊಟ್ಟು ಒಣಗಿದ್ದರೆ ಅದೇ ಕೋಶ ಬಲಿಯದೆ ಹೋಗುತ್ತದೆ. ಔಷಧಿ ಕೊಟ್ಟು ಒದ್ದೆ ಹೊಟ್ಟನ್ನು ಹಾಗೇ ಬಿಟ್ಟರೆ, ಕೋರ್ಸ್ ಮುಗಿದ ವಾರಕ್ಕೆ ಮತ್ತೆ ನೆತ್ತರು.

ಒದ್ದೆಯಾಗುವುದು ಹೆಚ್ಚಾಗಿ ನೀರಿನ ಡಬ್ಬದ ಸುತ್ತ. ಡಬ್ಬವನ್ನು ಇಟ್ಟಿಗೆಯ ಮೇಲಿಟ್ಟು ಮರಿಯ ಬೆನ್ನಿನ ಮಟ್ಟಕ್ಕೆ ಏರಿಸಿ, ವಾರವಾರ ಮರಿ ಬೆಳೆದಂತೆ ಎತ್ತರಿಸುತ್ತಾ ಬನ್ನಿ. ಅದರಡಿ ತಂತಿಬಲೆಯ ಚೌಕಟ್ಟು ಇದ್ದರೆ ಚೆಲ್ಲಿದ ನೀರು ಮರಿಯ ಕಾಲಿಗೆ ಸಿಗುವುದಿಲ್ಲ. ಭತ್ತದ ಹೊಟ್ಟು ಎರಡು ಅಂಗುಲ ಹಾಸಿ ದಿನವೂ ಬೆಳಿಗ್ಗೆ ಕೈಯಾಡಿಸಿ ತಿರುವಿಹಾಕಿ. ಒಂದು ಹಿಡಿ ಎತ್ತಿ ಹಿಂಡಿ ನೋಡಿ: ಉಂಡೆ ಕಟ್ಟಿದರೆ ಬದಲಿಸಬೇಕು, ಉದುರಿದರೆ ಸರಿ. ಮೂಗಿಗೆ ಘಾಟು ಹೊಡೆಯುವವರೆಗೆ ಕಾದರೆ ತಡವಾಯಿತು. ಮಳೆಗಾಲಕ್ಕೆಂದು ಬೇಸಿಗೆಯಲ್ಲೇ ಗೋಣಿಚೀಲ ತುಂಬಾ ಒಣ ಹೊಟ್ಟು ಅಟ್ಟದ ಮೇಲೆ ಕೂಡಿಡುವುದು ನನ್ನ ಪ್ರಕಾರ ಅರ್ಧ ಔಷಧಿ. ಜುಲೈನಲ್ಲಿ ಹುಡುಕಿದರೆ ಸಿಗುವುದೆಲ್ಲ ಥಂಡಿ ಹೊಟ್ಟೇ.

ಫಿನಾಯಿಲ್, ಬ್ಲೀಚಿಂಗ್ ಪುಡಿ ಹಾಕಿ ಗೂಡು ಶುದ್ಧವಾಯಿತೆಂದು ತಿಳಿಯಬೇಡಿ. ಐಮೀರಿಯಾದ ಚಿಪ್ಪು ಇವುಗಳಿಗೆ ಸೊಪ್ಪು ಹಾಕುವುದಿಲ್ಲ. ಅದಕ್ಕೆ ಆಗದಿರುವುದು ಬಿಸಿ ಮತ್ತು ಒಣಗುವುದು. ಹಳೆಯ ಹೊಟ್ಟು ಪೂರ್ತಿ ತೆಗೆದು, ನೆಲ ಕೆರೆದು, ಕುದಿಯುವ ನೀರು ಸುರಿದು, ಆರಿದ ಮೇಲೆ ಸುಣ್ಣ ಬಳಿಯುವುದು ನಮ್ಮಲ್ಲಿ ಆಗುವ ಕೆಲಸ. ಸುಣ್ಣ ತೇವ ಹೀರುತ್ತದೆ, ಅದೇ ಅದರ ಉಪಯೋಗ. ಬಿದಿರು, ಹಲಗೆಯ ಗೂಡಾದರೆ ಬಿಸಿಲು ಬಂದ ದಿನ ಎತ್ತಿ ಅಂಗಳಕ್ಕೆ ಇಡಿ.

ಚಪ್ಪಲಿಯನ್ನೂ ಮರೆಯಬೇಡಿ. ದೊಡ್ಡ ಕೋಳಿಗಳ ಗೂಡು ಗುಡಿಸಿ ಅದೇ ಕಾಲಲ್ಲಿ ಮರಿಗಳ ಹತ್ತಿರ ಹೋಗುತ್ತೇವೆ. ದೊಡ್ಡ ಕೋಳಿ ನೋಡಲು ಚೆನ್ನಾಗಿದ್ದರೂ ಅದರ ಹಿಕ್ಕೆಯಲ್ಲಿ ಈ ಕೋಶಗಳು ಇರಬಹುದು. ಮೊದಲು ಮರಿಗಳ ಕೆಲಸ, ಆಮೇಲೆ ದೊಡ್ಡವುಗಳದ್ದು.

9. ಸತ್ತ ಮರಿಯನ್ನು ಹೂಳುವ ಮುಂಚೆ

ಒಂದು ಮರಿ ಸತ್ತರೆ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅದೇ ದಿನ ಪಶು ಆಸ್ಪತ್ರೆಗೆ ಒಯ್ದು ಹೊಟ್ಟೆ ತೆರೆಸಿ ನೋಡಿ. ರಕ್ತಭೇದಿಯಾದರೆ ಆ ಎರಡು ಸೀಕಮ್ ಚೀಲಗಳು ಊದಿ, ಒಳಗೆ ಹಸಿ ನೆತ್ತರೋ ಹೆಪ್ಪುಗಟ್ಟಿದ ಗಟ್ಟಿ ತಿರುಳೋ ತುಂಬಿರುತ್ತದೆ. ಒಮ್ಮೆ ನೋಡಿದವರು ಮರೆಯುವುದಿಲ್ಲ, ಊಹೆಯ ಚಿಕಿತ್ಸೆಯೂ ಅಲ್ಲಿಗೆ ನಿಲ್ಲುತ್ತದೆ. ಆದರೆ ದೊಡ್ಡ ಕೋಳಿಗಳೂ ಒಟ್ಟೊಟ್ಟಿಗೆ ಸಾಯುತ್ತಿದ್ದರೆ ಮನೆಯಲ್ಲಿ ಯಾರೂ ಕೊಯ್ದು ನೋಡಬಾರದು, ಮುಟ್ಟಲೂಬಾರದು. ಅದು ಹಕ್ಕಿಜ್ವರವೂ ಇರಬಹುದು, ಮೊದಲು ಪಶುಸಂಗೋಪನೆ ಇಲಾಖೆಗೆ ತಿಳಿಸಿ.

10. ಹೇಂಟೆಯ ಹಿಂದೆ ತಿರುಗಿದ ಮರಿಗೆ ಬಲ ಹೆಚ್ಚು

ತಾಯಿಯ ಜೊತೆ ಒಣ ಅಂಗಳದಲ್ಲಿ ಕೆದಕುತ್ತಾ ಬೆಳೆದ ಮರಿ ದಿನವೂ ಸ್ವಲ್ಪ ಸ್ವಲ್ಪ ಐಮೀರಿಯಾ ತಿನ್ನುತ್ತದೆ. ಆ ಸ್ವಲ್ಪವೇ ಅದಕ್ಕೆ ಲಸಿಕೆಯ ಕೆಲಸ ಮಾಡುತ್ತದೆ. ಬಲ್ಬ್ ಕೆಳಗೆ ಒಂದೇ ಜಾಗದಲ್ಲಿ ನೂರು ಮರಿ ಬೆಳೆದಾಗ ಬಾಯಿಗೆ ಬೀಳುವುದು ಒಮ್ಮೆಲೇ ರಾಶಿ. ಆದ್ದರಿಂದ ಅಂಥ ಮರಿಗಳಿಗೆ ರಕ್ತಭೇದಿ ತಡೆಯುವ ಔಷಧಿ ಬೆರೆಸಿದ ಚಿಕ್ ಸ್ಟಾರ್ಟರ್ ಕೊಡುವುದು ಒಳ್ಳೆಯದು. ಬರೀ ನುಚ್ಚು, ತೌಡಿನಲ್ಲಿ ಬೆಳೆಸುವವರು ಹೊಟ್ಟಿನ ಮೇಲೆ ಎರಡು ಪಟ್ಟು ಕಣ್ಣಿಡಬೇಕು. ಒಂದು ಜಾತಿಯ ಐಮೀರಿಯಾಕ್ಕೆ ಬಂದ ಶಕ್ತಿ ಇನ್ನೊಂದಕ್ಕೆ ಆಗುವುದಿಲ್ಲ. ಹಾಗಾಗಿ ಒಮ್ಮೆ ಬಂದು ಹೋಯಿತು, ಇನ್ನು ಬರದು ಎಂಬ ಧೈರ್ಯವೂ ಬೇಡ.

11. ಹಿಂಬದಿ ಮೆತ್ತಿಕೊಂಡ ಎಳೆ ಮರಿ

ಮೊದಲ ವಾರದಲ್ಲಿ ಕಾವು ಹೆಚ್ಚೋ ಕಡಿಮೆಯೋ ಆದರೂ ಹಿಕ್ಕೆ ಹಿಂಬದಿಗೆ ಅಂಟಿ ಒಣಗಿ ದಾರಿ ಮುಚ್ಚುತ್ತದೆ. ಎಳೆದು ಕೀಳಬೇಡಿ, ಚರ್ಮವೇ ಕಿತ್ತು ಬರುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ನೆನೆಸಿ ಬಿಡಿಸಿ, ಒರೆಸಿ, ಚೂರು ಕೊಬ್ಬರಿ ಎಣ್ಣೆ ಹಚ್ಚಿ. ಹೊಕ್ಕುಳಿನ ಒಣಗಿದ ಚೂರನ್ನು ಹಿಕ್ಕೆಯೆಂದು ತಿಳಿದು ಕಿತ್ತರೆ ಮರಿ ಸಾಯುತ್ತದೆ. ಹೊಕ್ಕುಳು ಹೊಟ್ಟೆಯ ಕಡೆ, ಹಿಂಬದಿ ಬಾಲದ ಬುಡದಲ್ಲಿ. ಕಾವು ಮೊದಲ ವಾರ 35 ಡಿಗ್ರಿಯಿರಲಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಷ್ಟು ಇಳಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳನ್ನೇ ನೋಡಿ. ಬಲ್ಬಿನಡಿ ಗುಂಪು ಕಟ್ಟಿದರೆ ಚಳಿ, ಅಂಚಿಗೆ ಸರಿದು ಬಾಯಿ ತೆರೆದರೆ ಸೆಕೆ.

ಇಂಥ ಮರಿ ಮುಟ್ಟಿದ ಮಕ್ಕಳು ಸೋಪು ಹಾಕಿ ಕೈ ತೊಳೆಯಲಿ. ರಕ್ತಭೇದಿಯ ಐಮೀರಿಯಾ ಮನುಷ್ಯರಿಗೆ ಬರುವುದಿಲ್ಲ, ಆದರೆ ಕೋಳಿಯಲ್ಲಿರುವ ಬೇರೆ ಸಾಲ್ಮೊನೆಲ್ಲಾ ಬರಬಲ್ಲದು.

12. ಗುಣವಾದ ಮೇಲಿನ ತಿಂಗಳು

ನೆತ್ತರು ನಿಂತ ಮರಿ ಓಡಾಡುತ್ತದೆ, ತಿನ್ನುತ್ತದೆ, ತೂಕ ಮಾತ್ರ ಬೇಗ ಬರುವುದಿಲ್ಲ. ಕರುಳಿನ ಗಾಯ ಮಾಯಲು ಹೊತ್ತು ಬೇಕು. ಆ ದಿನಗಳಲ್ಲಿ ಮೇವು ಬದಲಿಸಬೇಡಿ. ಮಳೆಯಲ್ಲಿ ಬೂಸ್ಟು ಹಿಡಿದ ಜೋಳ, ಕಡಲೆ ಹಿಂಡಿಯನ್ನಂತೂ ಹತ್ತಿರ ತರಬೇಡಿ, ಅದರ ವಿಷ ಯಕೃತ್ತನ್ನು ಹಾಳು ಮಾಡುತ್ತದೆ. ಹೊಟ್ಟೆಹುಳದ ಔಷಧಿಯನ್ನು ಎಂಟನೇ ವಾರದ ಹೊತ್ತಿಗೆ ವೈದ್ಯರನ್ನು ಕೇಳಿ ಕೊಡಿ, ಸೋತಿರುವಾಗಲೇ ಎಲ್ಲ ಔಷಧಿ ಒಟ್ಟಿಗೆ ಬೇಡ.

ಉಳಿದ ಮರಿಗಳು ಇನ್ನೂ ಕೆಲವು ದಿನ ಕೋಶಗಳನ್ನು ಹೊರಹಾಕುತ್ತಿರುತ್ತವೆ. ನೆಂಟರ ಮನೆಗೆ ಎರಡು ಮರಿ ಕಳಿಸುವುದು ನಮ್ಮಲ್ಲಿ ಪ್ರೀತಿಯ ವಾಡಿಕೆ. ಈ ತಂಡದಿಂದ ಮಾತ್ರ ಆ ತಿಂಗಳು ಕಳಿಸಬೇಡಿ. ಮುಂದಿನ ತಂಡವನ್ನು ಅದೇ ಮೂಲೆಗೆ ಬಿಡಬೇಡಿ. ಗೂಡನ್ನು ಹಿತ್ತಲಿನ ಇನ್ನೊಂದು ಬದಿಗೆ, ಬೆಳಗಿನ ಬಿಸಿಲು ಬೀಳುವ, ನೀರು ನಿಲ್ಲದ ಎತ್ತರಕ್ಕೆ ಸಾಗಿಸಿ. ಸಾಗಿಸಲಾಗದ ಗೂಡಾದರೆ ನೆಲದ ಮೇಲಿನ ಒಂದೆರಡು ಅಂಗುಲ ಮಣ್ಣು ಕೆರೆದು ತೆಗೆದು ಹೊಸ ಮಣ್ಣು ಹಾಕಿಸಿ. ಕಾವು ಕೂರಿಸುವ ದಿನವನ್ನು ನಿಮ್ಮ ಕೈಯಲ್ಲಿಟ್ಟುಕೊಳ್ಳಲು ಸಾಧ್ಯವಿದ್ದರೆ, ದೀಪಾವಳಿ ಕಳೆದ ಮೇಲೆ ಕೂರಿಸಿ. ಆ ಮರಿಗಳಿಗೆ ಮೂರು ವಾರ ತುಂಬುವ ಹೊತ್ತಿಗೆ ಅಂಗಳ ಒಣಗಿರುತ್ತದೆ.